ಹಂಗಾಮಿಗೆ ಮುನ್ನ ಪರದೇಶ ಪ್ರವಾಸ: ಕಾಲೇಜು ಕಾಲ್ಚೆಂಡು ಆಟಗಾರರ ಆರೋಗ್ಯ ವಿಚಾರ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಈ ಎರಡನ್ನೂ ಏಕಕಾಲಕ್ಕೆ ಸಾಧಿಸುವ ಅವಕಾಶ ಕಾಲೇಜಿನ ಕ್ರೀಡಾಪಟುವಿಗೆ ದೊರೆತಾಗ ಮನೆಮಂದಿಗೆಲ್ಲ ಆಗುವ ಸಂತೋಷ ಅಷ್ಟಿಷ್ಟಲ್ಲ. ಆಂಟಾಪ್ ಹಿಲ್‌ನಂತಹ ಬಡಾವಣೆಯಲ್ಲಿ ಈ ಸಂತೋಷದ ತೂಕ ಇನ್ನೂ ಹೆಚ್ಚು. ಕೇಂದ್ರ ಸರ್ಕಾರಿ ನೌಕರರ ವಸತಿಗೃಹಗಳೂ ಸಹಕಾರಿ ಸಂಘಗಳ ಕಟ್ಟಡಗಳೂ ಒತ್ತೊತ್ತಾದ ಗುಡಿಸಲುಗಳೂ ಒಂದರ ಮಗ್ಗುಲಲ್ಲಿ ಒಂದಿರುವ ಈ ಪ್ರದೇಶದಲ್ಲಿ, ಉದ್ಯೋಗಕ್ಕಾಗಿ ಊರು ಬಿಟ್ಟು ಬಂದ ಕನ್ನಡ ಕುಟುಂಬಗಳ ಮಕ್ಕಳಿಗೆ ಕಟ್ಟಡಗಳ ನಡುವಣ ಅಂಗಳವೇ ಮೊದಲ ಕ್ರೀಡಾಂಗಣ. ವಡಾಲಾದ ಎನ್.ಕೆ.ಇ.ಎಸ್. ಶಾಲೆಯಲ್ಲೋ ಬೇರೆ ಶಾಲೆಯಲ್ಲೋ ಓದಿ, ಮಾಟುಂಗಾ ಅಥವಾ ಸಯನ್‌ನ ಕಾಲೇಜಿಗೆ ಸೇರಿ, ಅಲ್ಲಿಯ ತಂಡದಲ್ಲಿ ಸ್ಥಾನ ಗಳಿಸಿದ ಮಗನೋ ಮಗಳೋ ಒಂದು ದಿನ ಮನೆಗೆ ಬಂದು, ಹಂಗಾಮು ಆರಂಭವಾಗುವ ಮುನ್ನ ತಂಡ ಪರದೇಶಕ್ಕೆ ಹೊರಟಿದೆ ಎಂದಾಗ ತಂದೆಗೆ ಮೊದಲು ಕಾಣುವುದು ಖರ್ಚಿನ ಲೆಕ್ಕ. ತಾಯಿಗೆ ಕಾಣುವುದು ಅಲ್ಲಿಯ ಊಟ, ಅಲ್ಲಿಯ ಚಳಿ.

ಎರಡು ಚಿಂತೆಗಳೂ ಸಹಜವಾದವು. ಆದರೆ ಇವೆರಡರ ನಡುವೆ ಮುಖ್ಯವಾದ ಇನ್ನೊಂದು ವಿಚಾರ ಮರೆತುಹೋಗುತ್ತದೆ. ಆಟಗಾರನ ದೇಹ ಆ ಪ್ರವಾಸಕ್ಕೆ ಸಿದ್ಧವಾಗಿದೆಯೇ? ಸಿದ್ಧವಾಗಿಲ್ಲದ ದೇಹವನ್ನು ವಿಮಾನದಲ್ಲಿ ಕುಳ್ಳಿರಿಸಿ ಕಳುಹಿಸಿದರೆ ಲಕ್ಷಾಂತರ ರೂಪಾಯಿ ವ್ಯಯಿಸಿಯೂ ಹುಡುಗ ಮರಳಿ ತರುವುದು ಗಾಯವನ್ನು ಅಥವಾ ಕಾಯಿಲೆಯನ್ನು. ಪ್ರವಾಸದ ಲಾಭನಷ್ಟಗಳು ಬಹುಮಟ್ಟಿಗೆ ಹೊರಡುವ ಮುಂಚಿನ ಆರು ವಾರಗಳಲ್ಲಿಯೇ ನಿಶ್ಚಯವಾಗುತ್ತವೆ.

ಪ್ರವಾಸದ ಉದ್ದೇಶ

ಹಂಗಾಮಿಗೆ ಮುನ್ನ ಪರದೇಶಕ್ಕೆ ಹೋಗಿಬರುವ ಪದ್ಧತಿ ಅಮೆರಿಕದ ಕಾಲೇಜುಗಳಲ್ಲಿ ಬೇರೂರಿದೆ. ಅಲ್ಲಿ ಕಾಲೇಜು ಕಾಲ್ಚೆಂಡಿನ ಹಂಗಾಮು ಆಗಸ್ಟ್ ತಿಂಗಳ ಉತ್ತರಾರ್ಧದಲ್ಲಿ ಆರಂಭವಾಗುವುದರಿಂದ, ಬೇಸಿಗೆಯ ರಜೆಯಲ್ಲಿ ತಂಡಗಳು ಯುರೋಪಿಗೋ ದಕ್ಷಿಣ ಅಮೆರಿಕಕ್ಕೋ ಹೋಗಿ ಅಲ್ಲಿಯ ಕ್ಲಬ್ಬುಗಳೊಡನೆ ಮೂರು ನಾಲ್ಕು ಪಂದ್ಯಗಳನ್ನಾಡಿ ಬರುತ್ತವೆ. ಇಂತಹ ಪ್ರವಾಸ ಅತಿಯಾಗಬಾರದೆಂದು ಅಲ್ಲಿಯ ಕಾಲೇಜು ಕ್ರೀಡಾ ಆಡಳಿತವು ಪ್ರಥಮ ದರ್ಜೆಯ ತಂಡಗಳಿಗೆ ನಾಲ್ಕು ವರ್ಷಕ್ಕೊಮ್ಮೆ ಎಂಬ ಕಟ್ಟಳೆಯನ್ನು ಬಹುಕಾಲದಿಂದ ಅನುಸರಿಸಿಕೊಂಡು ಬಂದಿದೆ. ಭಾರತದ ಕಾಲೇಜು ತಂಡಗಳಿಗೆ ಈ ಭಾಗ್ಯ ಅಪರೂಪ. ಆದರೆ ಕ್ಲಬ್ಬುಗಳ ಕಿರಿಯರ ತಂಡಗಳು ಹೋಗಿಬರತೊಡಗಿವೆ.

ಇಂತಹ ಪಂದ್ಯಗಳಲ್ಲಿ ಗೆಲ್ಲುವುದು ಮುಖ್ಯವಲ್ಲ. ತರಬೇತಿದಾರನಿಗೆ ಹೊಸ ಆಟಗಾರರನ್ನು ಪರೀಕ್ಷಿಸಲು, ಆಟಗಾರರಿಗೆ ಪರಸ್ಪರ ಹೊಂದಿಕೊಳ್ಳಲು, ರಜೆಯಲ್ಲಿ ಸಡಿಲಗೊಂಡ ದೇಹವನ್ನು ಹಂತಹಂತವಾಗಿ ಪಂದ್ಯದ ಬಿಗಿಗೆ ತರಲು ಇದು ಸಾಧನ. ಆದ್ದರಿಂದ ಮೊದಲ ಪಂದ್ಯದಲ್ಲಿ ಒಬ್ಬೊಬ್ಬ ಆಟಗಾರನನ್ನು 30 ಅಥವಾ 45 ನಿಮಿಷ ಮಾತ್ರ ಆಡಿಸಿ, ಮುಂದಿನ ಪಂದ್ಯಗಳಲ್ಲಿ ಅವಧಿಯನ್ನು ಹೆಚ್ಚಿಸುವುದೇ ವಿವೇಕ. ಮಗ ಅರ್ಧ ಪಂದ್ಯ ಮಾತ್ರ ಆಡಿದನೆಂದು ಹೆತ್ತವರು ಖಿನ್ನರಾಗಬೇಕಾದ ಕಾರಣವಿಲ್ಲ.

ಬರಿಗಾಲಿನ ಪಾಠ

ಸಿದ್ಧತೆಯ ಬೆಲೆಯೇನೆಂಬುದನ್ನು ಭಾರತದ ಕಾಲ್ಚೆಂಡಿನ ಚರಿತ್ರೆಯೇ ತಿಳಿಸುತ್ತದೆ. ಆ ಚರಿತ್ರೆಯಲ್ಲಿ ಬೆಂಗಳೂರಿನ ಪಾತ್ರ ಚಿಕ್ಕದಲ್ಲ. ಸ್ವತಂತ್ರ ಭಾರತದ ತಂಡ 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಆಡಿತು. ಬಹುಮಂದಿ ಆಟಗಾರರು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ಭಾರತ 1–2ರಿಂದ ಸೋತಿತಾದರೂ ಪ್ರೇಕ್ಷಕರ ಮನ ಗೆದ್ದಿತು. ಭಾರತದ ಆ ಏಕೈಕ ಗೋಲನ್ನು ಬಾರಿಸಿದವರು ಬೆಂಗಳೂರಿನ ಎಸ್. ರಾಮನ್.

ನಾಲ್ಕು ವರ್ಷಗಳ ಅನಂತರ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅದೇ ಬರಿಗಾಲು ದುಬಾರಿಯಾಯಿತು. ಉತ್ತರದ ತಂಪು ಹವೆ, ಪ್ರಬಲ ಯುಗೋಸ್ಲಾವಿಯಾ ತಂಡ, ಬೂಟಿಲ್ಲದ ಪಾದ, ಫಲಿತಾಂಶ 1–10. ಆ ಒಂದು ಗೋಲನ್ನು ಗಳಿಸಿದವರೂ ಬೆಂಗಳೂರಿನವರೇ ಆದ ಅಹಮದ್ ಖಾನ್. ನೆಲ ಒದ್ದೆಯಾಗಿದ್ದಾಗ ಬರಿಗಾಲಿಗೆ ಹಿಡಿತ ಸಿಗದು. ಚಳಿಯಲ್ಲಿ ಪಾದದ ರಕ್ತಸಂಚಾರ ಕಡಿಮೆಯಾಗಿ ಸ್ಪರ್ಶಜ್ಞಾನವೇ ಮಂದವಾಗುತ್ತದೆ. ಬೆಂಗಳೂರು, ಕಲ್ಕತ್ತೆಗಳ ಮೈದಾನದಲ್ಲಿ ವರವಾಗಿದ್ದುದು ಅಲ್ಲಿ ಶಾಪವಾಯಿತು. ಆ ಸೋಲಿನ ತರುವಾಯ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು.

1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಚಿತ್ರವೇ ಬೇರೆ. ವೃತ್ತಿಯಿಂದ ಶಿಕ್ಷಕರಾಗಿದ್ದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ತರಬೇತಿಯಲ್ಲಿ ಪಳಗಿದ ತಂಡ ಡಿಸೆಂಬರ್ 1ರಂದು ಆಸ್ಟ್ರೇಲಿಯಾವನ್ನು ಅದರ ನೆಲದಲ್ಲಿಯೇ 4–2ರಿಂದ ಸೋಲಿಸಿತು. ಮುಂಬಯಿಯ ಟಾಟಾ ತಂಡದ ನೆವಿಲ್ ಡಿಸೋಜಾ ಮೂರು ಗೋಲು ಬಾರಿಸಿದರು. ಕೊನೆಗೆ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಆಂಟಾಪ್ ಹಿಲ್‌ನ ನೆರೆಯ ಮಾಟುಂಗಾದ ಮೈದಾನಗಳಲ್ಲಿ ಆಡಿ ಬೆಳೆದ ಗೋಲ್‌ಕೀಪರ್ ಎಸ್. ಎಸ್. ನಾರಾಯಣ್ ಅವರೂ ಇದ್ದರು. ಕೇರಳದ ಒಟ್ಟಪಾಲಂನಲ್ಲಿ ಹುಟ್ಟಿದ ನಾರಾಯಣ್ 1960ರ ರೋಮ್ ಒಲಿಂಪಿಕ್ಸ್ ತಂಡಕ್ಕೂ ಆಯ್ಕೆಯಾದರು. 2021ರಲ್ಲಿ ಠಾಣೆಯಲ್ಲಿ ನಿಧನರಾದರು. ಊರು ಬಿಟ್ಟು ಮುಂಬಯಿಗೆ ಬಂದ ಕುಟುಂಬದ ಹುಡುಗನೊಬ್ಬ ಈ ಬೀದಿಗಳಿಂದಲೇ ಒಲಿಂಪಿಕ್ಸ್‌ಗೆ ಹೋದನೆಂಬುದು ಆಂಟಾಪ್ ಹಿಲ್‌ನ ಮಕ್ಕಳು ತಿಳಿದಿರಬೇಕಾದ ಸಂಗತಿ.

ಇತ್ತೀಚಿನ ಎರಡು ಯಾತ್ರೆಗಳು

2022ರಲ್ಲಿ ಗೋವೆಯಲ್ಲಿ ನಡೆದ ಕಿರಿಯರ ಡೆವಲಪ್‌ಮೆಂಟ್ ಲೀಗಿನಲ್ಲಿ ಪ್ರಥಮ ಸ್ಥಾನ ಪಡೆದ ಬೆಂಗಳೂರು ಎಫ್.ಸಿ.ಯ ಯುವಕರು, ಮುಂಬಯಿಯ ಮಾಜಿ ಆಟಗಾರ ನೌಶಾದ್ ಮೂಸಾ ಅವರ ತರಬೇತಿಯಲ್ಲಿದ್ದವರು, ಅದೇ ಜುಲೈ ತಿಂಗಳಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಕಿರಿಯರೊಡನೆ ನೆಕ್ಸ್ಟ್ ಜೆನ್ ಕಪ್ ಪಂದ್ಯಗಳಲ್ಲಿ ಸೆಣಸಿದರು. ಕಾಲೇಜು ವಯಸ್ಸಿನ ಹುಡುಗರು ಹಂಗಾಮಿಗೆ ಮುನ್ನ ಕೈಗೊಂಡ ಪರದೇಶ ಪ್ರವಾಸಕ್ಕೆ ಇದು ಹತ್ತಿರದ ಉದಾಹರಣೆ. ಇಂಗ್ಲೆಂಡೆಂದರೆ ಚಳಿ ಎಂದು ನಂಬಿದವರಿಗೆ ಆ ವರ್ಷ ಒಂದು ಅಚ್ಚರಿ ಕಾದಿತ್ತು: ಜುಲೈ 19ರಂದು ಅಲ್ಲಿ ಉಷ್ಣಾಂಶ 40.3 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಹಿಂದಿನ ದಾಖಲೆಗಳನ್ನೆಲ್ಲ ಮುರಿಯಿತು. ಹೋಗುವ ಊರಿನ ಹವೆಯನ್ನು ಆ ವಾರದ ವರದಿಯಿಂದ ತಿಳಿಯಬೇಕೇ ಹೊರತು ಶಾಲೆಯ ಭೂಗೋಳ ಪುಸ್ತಕದ ನೆನಪಿನಿಂದಲ್ಲ.

ಎರಡನೆಯದು ಕನ್ನಡಿಗರೆಲ್ಲರೂ ಹೆಮ್ಮೆಪಡಬೇಕಾದ ಯಾತ್ರೆ. 2023ರಲ್ಲಿ ಸಂತೋಷ್ ಟ್ರೋಫಿಯ ಸೆಮಿಫೈನಲ್ ಹಾಗೂ ಫೈನಲ್ ಪಂದ್ಯಗಳು ಪ್ರಥಮ ಬಾರಿಗೆ ದೇಶದ ಹೊರಗೆ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದವು. ಭುವನೇಶ್ವರದಲ್ಲಿ ಆಡಿ ಅಲ್ಲಿಗೆ ಹೋದ ಕರ್ನಾಟಕ ತಂಡ ಮಾರ್ಚ್ 1ರಂದು ಸರ್ವಿಸಸ್ ತಂಡವನ್ನು 3–1ರಿಂದ, ಮಾರ್ಚ್ 4ರಂದು ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಅನಂತರ ಟ್ರೋಫಿಯನ್ನು ಮರಳಿ ಪಡೆಯಿತು. ಹಿಂದಿನ ವಿಜಯ 1968–69ರದು. ಆಗ ರಾಜ್ಯದ ಹೆಸರು ಇನ್ನೂ ಮೈಸೂರು.

ಸೆಖೆ ಮತ್ತು ಚಳಿ

ಭುವನೇಶ್ವರ, ಮುಂಬಯಿಗಳ ಸೆಖೆಗೂ ರಿಯಾದ್‌ನ ಒಣ ಹವೆಗೂ ಇರುವ ಭೇದವನ್ನು ಆಟಗಾರ ಅರಿತಿರಬೇಕು. ಮುಂಬಯಿಯ ತೇವಭರಿತ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈಯಿಂದ ತೊಟ್ಟಿಕ್ಕುತ್ತದೆ. ಆದ್ದರಿಂದ ದೇಹ ತಣಿಯುವುದಿಲ್ಲ. ಮರುಭೂಮಿಯ ಒಣ ಗಾಳಿಯಲ್ಲಿ ಬೆವರು ಸುರಿದದ್ದೇ ತಿಳಿಯದಂತೆ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುವುದರಿಂದ ನೀರು ಕುಡಿಯಬೇಕೆಂಬ ಎಚ್ಚರವೇ ಹುಟ್ಟುವುದಿಲ್ಲ. ಇದಕ್ಕೆ ಸುಲಭವಾದ ಪರೀಕ್ಷೆ ತೂಕದ ಯಂತ್ರ. ಅಭ್ಯಾಸಕ್ಕೆ ಮೊದಲು ಹಾಗೂ ಅನಂತರ ತೂಕ ನೋಡಬೇಕು. ಕಡಿಮೆಯಾದ ಒಂದು ಕಿಲೋ ಸುಮಾರು ಒಂದು ಲೀಟರ್ ನೀರಿಗೆ ಸಮ. ದೇಹತೂಕದ ಶೇಕಡಾ 2ಕ್ಕಿಂತ ಹೆಚ್ಚು, ಎಂದರೆ 60 ಕಿಲೋ ತೂಗುವ ಹುಡುಗನಲ್ಲಿ 1.2 ಕಿಲೋ ಕಳೆದರೆ ಆಟದ ಚುರುಕು ಕುಗ್ಗುತ್ತದೆ. ಕಳೆದುಕೊಂಡುದಕ್ಕಿಂತ ತುಸು ಹೆಚ್ಚಾಗಿ, ಮುಂದಿನ ಕೆಲವು ಗಂಟೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಆಹಾರದಲ್ಲಿ ಉಪ್ಪೂ ಇರಬೇಕು. ಒಂದೇ ಸಮನೆ ಬರೀ ನೀರನ್ನು ಮಿತಿಮೀರಿ ಕುಡಿಯುವುದೂ ಅಪಾಯಕರ. ರಕ್ತದ ಲವಣಾಂಶ ಇಳಿದು ಪ್ರಜ್ಞೆ ತಪ್ಪಬಹುದು.

ಬಿಸಿಲಿಗೆ ದೇಹ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಬೆವರಿನಲ್ಲಿ ಹೋಗುವ ಲವಣ ಕಡಿಮೆಯಾಗುತ್ತದೆ, ನಾಡಿಬಡಿತ ಹತೋಟಿಗೆ ಬರುತ್ತದೆ. ಮುಂಬಯಿಯ ಹುಡುಗರಿಗೆ ಈ ಸಂಪತ್ತು ಹುಟ್ಟೂರಿನಲ್ಲೇ ದೊರೆಯುತ್ತದೆ. ಆದರೆ ರಜೆಯಲ್ಲಿ ಎರಡು ಮೂರು ವಾರ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತರೆ ಅದು ಕರಗಿಹೋಗುತ್ತದೆ. ಚಳಿಯ ದೇಶಕ್ಕೆ ಹೋಗುವವರು ಇನ್ನೊಂದು ಎಚ್ಚರ ವಹಿಸಬೇಕು. ತಣ್ಣಗಿರುವ ಸ್ನಾಯು ಬೇಗ ಹರಿಯುತ್ತದೆ. ಮೈ ಬಿಸಿಮಾಡುವ ವ್ಯಾಯಾಮಕ್ಕೆ ಅಲ್ಲಿ ಹೆಚ್ಚು ಸಮಯ ಬೇಕು. ಬದಲಿ ಆಟಗಾರ ಪೂರ್ಣ ಉಡುಪು ಧರಿಸಿ ಚಲಿಸುತ್ತಿರಬೇಕು. ಆಟ ಮುಗಿದೊಡನೆ ಒದ್ದೆ ಬಟ್ಟೆ ಬದಲಾಯಿಸಬೇಕು.

ದೇಹದ ಗಡಿಯಾರ

ಬೇಸಿಗೆಯಲ್ಲಿ ಲಂಡನ್ನಿನ ಕಾಲಮಾನ ಮುಂಬಯಿಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 7.30ಕ್ಕೆ ಆರಂಭವಾಗುವ ಪಂದ್ಯ, ಹಿಂದಿನ ದಿನ ಬಂದಿಳಿದ ಆಟಗಾರನ ದೇಹಕ್ಕೆ ನಡುರಾತ್ರಿ 12 ಗಂಟೆಯ ಪಂದ್ಯ. ಕೈಗಡಿಯಾರವನ್ನು ಕ್ಷಣಮಾತ್ರದಲ್ಲಿ ತಿರುಗಿಸಬಹುದು. ದೇಹದೊಳಗಿನ ಗಡಿಯಾರ ಹೊಂದಿಕೊಳ್ಳಲು ಸರಾಸರಿ ಗಂಟೆಗೆ ಒಂದು ದಿನ ಬೇಕು. ಪಶ್ಚಿಮಕ್ಕೆ ಹೋಗುವಾಗ ಹೊಂದಿಕೆ ಸುಲಭ, ಪೂರ್ವಕ್ಕೆ ಹೋಗುವಾಗ ಕಷ್ಟ. ಪಶ್ಚಿಮಕ್ಕೆ ಹೊರಡುವವರು ಮೂರು ನಾಲ್ಕು ದಿನ ಮುಂಚಿನಿಂದ ದಿನಕ್ಕೆ ಅರ್ಧ ಗಂಟೆಯಂತೆ ತಡವಾಗಿ ಮಲಗಿ ತಡವಾಗಿ ಏಳುವ ಅಭ್ಯಾಸ ಮಾಡಬೇಕು. ಪೂರ್ವಕ್ಕೆ ಹೊರಡುವವರು ಇದಕ್ಕೆ ವಿರುದ್ಧವಾಗಿ. ಪಶ್ಚಿಮದ ಊರು ತಲುಪಿದ ಮೇಲೆ ಸಂಜೆಯ ಬೆಳಕಿನಲ್ಲಿ ಓಡಾಡಿ, ಅಲ್ಲಿಯ ರಾತ್ರಿಯಾಗುವ ತನಕ ನಿದ್ರೆಯನ್ನು ತಡೆಯಬೇಕು. ಮೊದಲ ಎರಡು ದಿನ ಲಘು ವ್ಯಾಯಾಮ ಸಾಕು. ಆಯೋಜಕರು ವಿಮಾನ ಇಳಿದ ಮರುದಿನವೇ ಪಂದ್ಯ ಇಟ್ಟಿದ್ದರೆ, ಅದನ್ನು ಮುಂದೂಡಲು ಕೇಳುವ ಹಕ್ಕು ಹೆತ್ತವರಿಗಿದೆ.

ನಾಲ್ಕು ಗಂಟೆಗಿಂತ ಹೆಚ್ಚಿನ ವಿಮಾನಯಾನದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಆಗಾಗ ಎದ್ದು ನಡೆಯುವುದು, ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ನೀರು ಕುಡಿಯುವುದು, ಇವಿಷ್ಟೇ ಮದ್ದು.

ಊಟದ ವಿಚಾರ

ತಾಯಂದಿರ ಚಿಂತೆಗೆ ಈಗ ಬರೋಣ. 60 ಕಿಲೋ ತೂಕದ ಆಟಗಾರನಿಗೆ ದಿನಕ್ಕೆ 85ರಿಂದ 95 ಗ್ರಾಂನಷ್ಟು ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ ಸುಮಾರು 8 ಗ್ರಾಂ ಇರುತ್ತದೆ. ಸಸ್ಯಾಹಾರಿಯು ಬರೀ ಅನ್ನ ಸಾರಿನಿಂದ ಈ ಪ್ರಮಾಣ ಮುಟ್ಟಲಾರ. ಬೇಳೆ, ಹೆಸರುಕಾಳು, ಕಡಲೆ, ಶೇಂಗಾ, ಮೊಸರು, ಸೋಯಾ ಇವುಗಳನ್ನು ದಿನವೆಲ್ಲ ಹಂಚಿಕೊಂಡು ತಿನ್ನುವ ರೂಢಿ ಮನೆಯಲ್ಲೇ ಆಗಬೇಕು. ಪಂದ್ಯ ಮುಗಿದ ಒಂದೆರಡು ಗಂಟೆಯೊಳಗೆ ಅನ್ನ, ಬ್ರೆಡ್, ಬಾಳೆಹಣ್ಣು, ಆಲೂಗಡ್ಡೆಯಂತಹ ಪಿಷ್ಟಾಹಾರ ಸೇವಿಸಿದರೆ ಸ್ನಾಯುಗಳಲ್ಲಿ ಖರ್ಚಾದ ಶಕ್ತಿ ಬೇಗ ಭರ್ತಿಯಾಗುತ್ತದೆ. ಅಪರಿಚಿತ ತಿನಿಸನ್ನು ಪಂದ್ಯದ ದಿನ ಮೊದಲ ಬಾರಿಗೆ ರುಚಿ ನೋಡಬಾರದು.

ಚಟ್ನಿಪುಡಿ, ಹುರಿಗಡಲೆ, ಅವಲಕ್ಕಿ, ರಾಗಿಹಿಟ್ಟು ಇವು ಪ್ರವಾಸದಲ್ಲಿ ಒಳ್ಳೆಯ ಸಂಗಾತಿಗಳು; ಆಯಾ ದೇಶದ ಸುಂಕದ ನಿಯಮ ನೋಡಿಕೊಂಡು ಒಯ್ಯಬೇಕು. ಭಾರತದಿಂದ ಹೋಗುವ ಪ್ರಯಾಣಿಕರು ಮಾಂಸ ಹಾಗೂ ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದ ದೇಶಗಳಿಗೆ ಒಯ್ಯುವಂತಿಲ್ಲ. ಆದ್ದರಿಂದ ಧಾರವಾಡದ ಪೇಡೆ ಮನೆಯಲ್ಲೇ ಇರಲಿ. ಹೊಟ್ಟೆ ಕೆಟ್ಟಲ್ಲಿ ಓ.ಆರ್.ಎಸ್. ಪೊಟ್ಟಣ ಉಪಯೋಗಿಸಬೇಕು, ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕವೂ ಆಗುತ್ತದೆ. ಚಮಚವೆಂದರೆ ಇಲ್ಲಿ ಚಹಾದ ಚಮಚ.

ಔಷಧಿಯ ವಿಷಯದಲ್ಲಿ ಒಂದು ಎಚ್ಚರಿಕೆ. ನೆಗಡಿಗೆ ಮಾರುವ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಎಂಬ ದ್ರವ್ಯ, ಪಂದ್ಯದ ವೇಳೆ ಮೂತ್ರದಲ್ಲಿ ಗೊತ್ತಾದ ಮಿತಿ ಮೀರಿದರೆ, ಉದ್ದೀಪನ ನಿಷೇಧದ ನಿಯಮಕ್ಕೆ ಒಳಪಡುತ್ತದೆ. ತಂಡದ ವೈದ್ಯರ ಅನುಮತಿಯಿಲ್ಲದೆ ಯಾವ ಮಾತ್ರೆಯನ್ನೂ ನುಂಗಬಾರದು.

ಗಾಯ ಮತ್ತು ಹೃದಯ

ಹಂಗಾಮಿನ ಮುಂಚಿನ ದಿನಗಳಲ್ಲಿ ಹೆಚ್ಚಾಗಿ ಕಾಡುವುದು ತೊಡೆಯ ಹಿಂಭಾಗದ ಸ್ನಾಯುವಿನ ನೋವು. ರಜೆ ಮುಗಿದೊಡನೆ ಒಮ್ಮೆಲೇ ಓಟದ ಪ್ರಮಾಣ ಏರಿಸುವುದೇ ಇದಕ್ಕೆ ಮುಖ್ಯ ಕಾರಣ. ಫಿಫಾ ಸಂಸ್ಥೆ ರೂಪಿಸಿದ ‘ಹನ್ನೊಂದು ಪ್ಲಸ್’ ಎಂಬ ಸುಮಾರು 20 ನಿಮಿಷಗಳ ವ್ಯಾಯಾಮಕ್ರಮವನ್ನು ವಾರಕ್ಕೆ ಕನಿಷ್ಠ ಎರಡು ಬಾರಿ ಮಾಡಿದರೆ ಗಾಯಗಳು ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತವೆ. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಆಂಟಾಪ್ ಹಿಲ್‌ನ ಕಟ್ಟಡದ ಅಂಗಳವೇ ಸಾಕು. ತಲೆಗೆ ಪೆಟ್ಟು ಬಿದ್ದು ಮಂಕಾದ ಆಟಗಾರನನ್ನು ಆ ದಿನ ಪುನಃ ಮೈದಾನಕ್ಕೆ ಇಳಿಸಲೇಬಾರದು.

ಆಟವಾಡುವಾಗ ಮೂರ್ಛೆ ಹೋದದ್ದು, ಎದೆನೋವು, ಕುಟುಂಬದಲ್ಲಿ ಎಳೆಯ ವಯಸ್ಸಿನ ಹಠಾತ್ ಮರಣ ಇವುಗಳಲ್ಲಿ ಒಂದಿದ್ದರೂ ಹೃದಯ ತಪಾಸಣೆಯಾಗದೆ ಹೊರಡಬಾರದು. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ, ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆದ ಕ್ಷಣದಲ್ಲೇ ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಕುಸಿದು ಮೃತಪಟ್ಟರು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಮೈದಾನದಲ್ಲೇ ಹೃದಯಸ್ತಂಭನವಾಗಿ ಬಿದ್ದರು; ಒಡನೆಯೇ ಎದೆ ಒತ್ತುವ ಚಿಕಿತ್ಸೆ ಹಾಗೂ ವಿದ್ಯುತ್ ಆಘಾತ ದೊರೆತುದರಿಂದ ಬದುಕುಳಿದು ಮತ್ತೆ ಆಟಕ್ಕೆ ಮರಳಿದರು. ತಂಡದ ಪ್ರತಿಯೊಬ್ಬನೂ ನಿಮಿಷಕ್ಕೆ 100ರಿಂದ 120 ಬಾರಿ ಎದೆ ಒತ್ತುವ ಕ್ರಮವನ್ನು ಕಲಿತಿರಬೇಕು. ಈ ವಿದ್ಯೆ ಕಚೇರಿಯಲ್ಲಿಯೂ ರೈಲಿನಲ್ಲಿಯೂ ಉಪಯೋಗಕ್ಕೆ ಬರುವಂಥದು.

ಹೆಣ್ಣುಮಕ್ಕಳಿಗೆ ಇನ್ನೆರಡು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49ರ ವಯೋಮಾನದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ದಣಿವು ತಪ್ಪದು. ಆರು ವಾರ ಮುಂಚೆ ಪರೀಕ್ಷಿಸಿದರೆ ಚಿಕಿತ್ಸೆ ಆರಂಭಿಸಲು ಸಮಯವಿರುತ್ತದೆ. ಮೊಣಕಾಲಿನ ಒಳಗಿನ ಅಸ್ಥಿಬಂಧ ಹರಿಯುವ ಸಂಭವ ಆಟಗಾರ್ತಿಯರಲ್ಲಿ ಪುರುಷರಿಗಿಂತ ಎರಡು ಮೂರು ಪಟ್ಟು. ಆದ್ದರಿಂದ ನೆಗೆದು ಸರಿಯಾಗಿ ನೆಲಕ್ಕಿಳಿಯುವ ಅಭ್ಯಾಸ ಅವರಿಗೆ ಇನ್ನೂ ಅಗತ್ಯ.

ಹಣ, ಕಾಗದಪತ್ರ

ವೀಸಾ ಕೊಡುವ ಅನೇಕ ದೇಶಗಳು ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕೆನ್ನುತ್ತವೆ. ಷೆಂಗೆನ್ ದೇಶಗಳ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಸಾಮಾನ್ಯ ಪ್ರವಾಸಿ ವಿಮೆಯಲ್ಲಿ ಸಂಘಟಿತ ಕ್ರೀಡೆಯಲ್ಲಾದ ಗಾಯಕ್ಕೆ ಪರಿಹಾರ ಇಲ್ಲದಿರಬಹುದು. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿ, ಕಾಲ್ಚೆಂಡಿನ ಪಂದ್ಯಗಳೂ ಅದರೊಳಗೆ ಸೇರಿವೆಯೆಂದು ಕಂಪನಿಯಿಂದ ಬರಹದಲ್ಲಿ ಪಡೆಯುವುದು ಹಣ ಕಟ್ಟುವ ಮುನ್ನ ಆಗಬೇಕಾದ ಕೆಲಸ. ವಿದೇಶಗಳ ಆಸ್ಪತ್ರೆಯಲ್ಲಿ ಒಂದು ಮೂಳೆಮುರಿತದ ಬಿಲ್ಲು ಸಂಬಳದಾರ ಕುಟುಂಬದ ವರ್ಷಗಳ ಉಳಿತಾಯವನ್ನು ನುಂಗಬಲ್ಲದು. ತಂಡದ ಹೆಸರುಪಟ್ಟಿಯೂ ಅಷ್ಟೇ ಮುಖ್ಯ. 2025ರಲ್ಲಿ ಜರ್ಮನಿಯಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೋದ ಭಾರತದ 12 ಬ್ಯಾಡ್ಮಿಂಟನ್ ಆಟಗಾರರಲ್ಲಿ ಆರು ಮಂದಿ, ಹೆಸರು ಸಲ್ಲಿಸುವಲ್ಲಿನ ಲೋಪದಿಂದ ತಂಡದ ಪಂದ್ಯಗಳಲ್ಲಿ ಆಡಲಾರದೆ ಹೋದರು. ಅಷ್ಟು ದೂರ ಹೋಗಿ ಬೆಂಚಿನಲ್ಲಿ ಕುಳಿತು ಬರುವ ವ್ಯಥೆಗಿಂತ ಒಂದು ಗಂಟೆ ಕಾಗದ ಪರಿಶೀಲಿಸುವ ಬೇಸರ ಲೇಸು.

ಉಪಸಂಹಾರ

ಮೇಲಿನ ಸಿದ್ಧತೆಯ ಪಟ್ಟಿಯಲ್ಲಿ ದುಬಾರಿಯಾದುದು ಬಹಳವಿಲ್ಲ. ತೂಕದ ಯಂತ್ರ, ರಕ್ತಪರೀಕ್ಷೆ, ವೈದ್ಯರ ತಪಾಸಣೆ, ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದ ನಿದ್ರೆ, 20 ನಿಮಿಷಗಳ ವ್ಯಾಯಾಮ ಮತ್ತು ಮನೆಯ ಊಟದಲ್ಲಿ ಸ್ವಲ್ಪ ಬದಲಾವಣೆ. ಹಣದ ಅಡಚಣೆಯಿಂದಲೋ ವೀಸಾ ದೊರೆಯದೆಯೋ ಪ್ರವಾಸವೇ ರದ್ದಾದರೂ ಈ ಆರು ವಾರಗಳ ಶ್ರಮ ವ್ಯರ್ಥವಾಗದು. ಅದು ಊರಿನ ಮೈದಾನದಲ್ಲಿಯೂ ಫಲ ಕೊಡುತ್ತದೆ. ಹೆಲ್ಸಿಂಕಿಯ ಹತ್ತು ಗೋಲುಗಳ ತರುವಾಯ ಭಾರತದ ಕಾಲ್ಚೆಂಡು ಬೂಟು ಕಟ್ಟಿಕೊಂಡು, ನಾಲ್ಕೇ ವರ್ಷಗಳಲ್ಲಿ ಮೆಲ್ಬೋರ್ನ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಆಂಟಾಪ್ ಹಿಲ್‌ನ ಕನ್ನಡ ಮನೆಗಳಿಂದ ಹೊರಡುವ ಹುಡುಗ ಹುಡುಗಿಯರು ಆ ಬೂಟಿನ ಪಾಠವನ್ನು ಸೋಲಿಗೆ ಮುಂಚೆಯೇ ಕಲಿತು, ಆರೋಗ್ಯವಂತರಾಗಿ ಹೋಗಿ ಆರೋಗ್ಯವಂತರಾಗಿ ಮರಳಲಿ.